ನಾಟಕದ ಡ್ರೆಸ್ ಮಾಡೋದೇ ಕಸುಬಾಗ್ಬೇಕು ಅಂದ್ರೆ: ಅಂಗಡಿನಾ, ಚೌಕಿನಾ, ರಂಗಶಾಲೆನಾ, ಡಿಗ್ರಿನಾ?

ನಮ್ಮಕ್ಕನ ಮಗಳು ಬಿಕಾಂ ಮುಗಿಸಿ ಎರಡು ತಿಂಗಳು ಮನೇಲಿ ಕೂತಿದ್ಲು, ಒಂದಿನ ಫೋನ್ ಮಾಡಿ "ಚಿಕ್ಕಮ್ಮ, ನಾನೂ ನಿನ್ ಥರ ನಾಟಕದ ಬಟ್ಟೆ ಮಾಡೋ ಕೆಲ್ಸಕ್ಕೇ ಬರ್ತೀನಿ, ಎಲ್ಲಿ ಸೇರ್ಲಿ ಹೇಳು" ಅಂದ್ಲು. ಖುಷಿನೂ ಆಯ್ತು, ಭಯನೂ ಆಯ್ತು. ಒಂದೇ ಮಾತಲ್ಲಿ ಹೇಳೋಕಾಗ್ಲಿಲ್ಲ, ಯಾಕಂದ್ರೆ ನಮ್ ಕರ್ನಾಟಕದಲ್ಲಿ ಈ ಕೆಲ್ಸಕ್ಕೆ ಐದಾರು ಬಾಗ್ಲಿದೆ, ಒಂದೊಂದ್ರ ಒಳಗೂ ಬೇರೆ ಬೇರೆ ಪ್ರಪಂಚ. ನಾನು ಅದ್ರಲ್ಲಿ ನಾಲ್ಕರೊಳಗೆ ಓಡಾಡಿದೀನಿ. ಸೋದರಮಾವನ ಡ್ರಾಮಾ ಡ್ರೆಸ್ ಅಂಗಡೀಲಿ ಆರು ವರ್ಷ, ಆಮೇಲೆ ಒಂದು ರಂಗಶಾಲೇಲಿ ಒಂದು ವರ್ಷ, ನಡುವೆ ಎರಡು ಮಳೆಗಾಲ ಕುಂದಾಪುರದ ಕಡೆ ಯಕ್ಷಗಾನದ ವೇಷಭೂಷಣ ಮಾಡೋರ ಮನೇಲಿ, ಆಮೇಲೆ ಸೀರಿಯಲ್ಲು, ಈಗ ಮೈಸೂರಲ್ಲಿ ಸ್ವಂತದ್ದು, ಮೂರು ಮಶೀನು, ಇಬ್ರು ಕೆಲ್ಸದೋರು. ಅವಳಿಗೆ ಹೇಳ್ಬೇಕಾಗಿದ್ದನ್ನ ಇಲ್ಲಿ ಬರೀತಿದೀನಿ, ಅವಳ ಥರ ಯೋಚ್ನೆ ಮಾಡ್ತಿರೋರು ಬೇರೆಯೋರೂ ಇರ್ತಾರಲ್ಲ.

ಹೋಲಿಸೋಕೆ ಮುಂಚೆ ಒಂದು ವಿಷ್ಯ ಇಟ್ಕೊಳ್ಳಿ. ಈ ಕೆಲ್ಸಕ್ಕೆ ಕೈ ಬೇಕು, ಅಂದ್ರೆ ಕಟಿಂಗು, ಹೊಲಿಗೆ, ರಿಪೇರಿ. ಕಣ್ಣು ಬೇಕು, ಅಂದ್ರೆ ನಾಟಕ ಓದಿ, ಸ್ಟೇಜಿನ ಲೈಟಲ್ಲಿ ಈ ಬಟ್ಟೆ ಹೇಗೆ ಕಾಣತ್ತೆ, ಇದನ್ನ ಹಾಕ್ಕೊಂಡವ್ನು ಬೀಳಕ್ಕೆ ಏಳಕ್ಕೆ ಆಗತ್ತಾ ಅನ್ನೋದು. ಆಮೇಲೆ ಲೆಕ್ಕ ಬೇಕು, ರೇಟು, ಬಾಡಿಗೆ, ಅಡ್ವಾನ್ಸು, ಸೀಸನ್ನು. ಮೂರನ್ನೂ ಒಂದೇ ಕಡೆ ಕಲಿಸೋ ಜಾಗ ನಾನಂತೂ ನೋಡಿಲ್ಲ. ಅದಕ್ಕೆ "ಯಾವ ಜಾಗ ಬೆಸ್ಟು" ಅಂತ ಕೇಳೋದಕ್ಕಿಂತ ಮೊದಲು ಎಲ್ಲಿಗೆ ಹೋಗ್ಬೇಕು, ಆಮೇಲೆ ಎಲ್ಲಿಗೆ ಅಂತ ಕೇಳ್ಕೊಳ್ಳಿ. ಮೊದಲು ಕೈ ಕಲೀರಿ ಅನ್ನೋದು ನನ್ ಅಭಿಪ್ರಾಯ, ಯಾಕೆ ಅಂತ ಕೆಳಗೆ ಹೇಳ್ತೀನಿ.

ಡ್ರಾಮಾ ಡ್ರೆಸ್ ಅಂಗಡಿ

ಮಂಡ್ಯ, ತುಮಕೂರು, ಹಾಸನ, ಕೋಲಾರ, ರಾಮನಗರದ ಕಡೆಯೋರಿಗೆ ಇದನ್ನ ವಿವರಿಸೋದೇ ಬೇಡ. ಊರಲ್ಲಿ ಪೌರಾಣಿಕ ನಾಟಕ ಆಡ್ಬೇಕು ಅಂತ ತೀರ್ಮಾನ ಆದ್ರೆ ಹಾರ್ಮೋನಿಯಂ ಮೇಷ್ಟ್ರು ಬರ್ತಾರೆ, ತಿಂಗಳುಗಟ್ಟಲೆ ತಾಲೀಮು ನಡಿಯತ್ತೆ, ಸೀನರಿ, ಲೈಟು, ಮೈಕು, ಡ್ರೆಸ್ಸು ಎಲ್ಲಾ ಬಾಡಿಗೆಗೆ ಬರತ್ತೆ. ಪಾರ್ಟು ಮಾಡೋರು ರೈತರು, ಮೇಷ್ಟ್ರು, ಬಸ್ ಡ್ರೈವರು, ಅವ್ರೇ ದುಡ್ಡು ಹಾಕಿ ಪಾರ್ಟು ತಗೊಂಡಿರ್ತಾರೆ, ದುರ್ಯೋಧನ ಮಾಡೋನು ಎಲ್ರಿಗಿಂತ ಜಾಸ್ತಿ ಕೊಟ್ಟಿರ್ತಾನೆ. ಹಾಗಾಗಿ ಅವನ ಕಿರೀಟದಲ್ಲಿ ಒಂದು ಕಲ್ಲು ಉದುರಿದ್ರೂ ಮುಖ ಸಪ್ಪಗಾಗತ್ತೆ. ಅದು ಸರಿನೇ. ಅವನ ಜೀವನದಲ್ಲಿ ಅದೊಂದು ರಾತ್ರಿ.

ನಮ್ಮ ಮಾವನ ಅಂಗಡೀಲಿ ನಾನು ಮೊದಲನೇ ವರ್ಷ ಹೊಲ್ದಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಬೆಳಗಿನ ಜಾವ ನಾಟಕ ಮುಗ್ದು ಪೆಟ್ಟಿಗೆ ವಾಪಸ್ ಬಂದ್ರೆ ವೆಲ್ವೆಟ್ ಕೋಟುಗಳು ಬೆವರಲ್ಲಿ ನೆಂದು ಭಾರ ಆಗಿರ್ತಿದ್ವು. ಜರಿ, ಚಮ್ಕಿ, ಮಣಿ ಕೂರ್ಸಿರೋ ವೆಲ್ವೆಟ್ಟನ್ನ ನೀರಿಗೆ ಹಾಕೋಕಾಗಲ್ಲ. ಅದಕ್ಕೆ ಮಾವ ಒಳಗಡೆ ಕಾಟನ್ ಲೈನಿಂಗನ್ನ ಕಚ್ಚಾ ಹೊಲಿಗೇಲಿ ಹಿಡ್ಸಿರ್ತಿದ್ರು, ಅದನ್ನ ಬಿಚ್ಚಿ ಒಗ್ದು ಒಣಗ್ಸಿ ಮತ್ತೆ ಹಿಡ್ಸೋದು, ಕೋಟನ್ನ ಒಳಮಗ್ಗಲು ಹೊರಗೆ ಮಾಡಿ ಬಿಸಿಲಿಗೆ ಹಾಕೋದು. ಕಂಕುಳಲ್ಲಿ ಒಂದು ಡೈಮಂಡ್ ಆಕಾರದ ತುಂಡು ಸೇರ್ಸೋದು, ಇಲ್ಲಾಂದ್ರೆ ಭೀಮ ಗದೆ ಎತ್ತಿದ ತಕ್ಷಣ ತೋಳು ಹರಿಯತ್ತೆ. ಬೆನ್ನಿಗೆ ಬಟನ್ ಬದ್ಲು ದಾರ ಕಟ್ಟೋ ಹಾಗೆ ಇಡೋದು, ಒಂದೇ ಕೋಟು 36 ಎದೆಯೋನಿಗೂ ಬರತ್ತೆ, 44 ಎದೆಯೋನಿಗೂ ಬರತ್ತೆ. ಒಳಗೆ ಹೊಲಿಗೆ ಪಕ್ಕ ಎರಡಿಂಚು ಬಟ್ಟೆ ಬಿಡೋದು. ಇವೆಲ್ಲಾ ಪುಸ್ತಕ ನೋಡಿ ಕಲ್ತಿದ್ದಲ್ಲ, ರಾತ್ರಿ ಹನ್ನೊಂದು ಗಂಟೇಲಿ ಶಕುನಿ ವೇಷದೋನು "ಅಕ್ಕಾ ಹರ್ದೋಯ್ತು" ಅಂತ ಬಂದು ನಿಂತಾಗ ಸೂಜಿ ಹಿಡ್ಕೊಂಡು ಕಲ್ತಿದ್ದು.

ಲೆಕ್ಕನೂ ಅಲ್ಲೇ ಕಲ್ತೆ. ಮಾವ ಹೇಳ್ತಿದ್ದಿದ್ದು ಹೀಗೆ: ಒಂದು ಡ್ರೆಸ್ಸು ಎರಡು ಸೀಸನ್ನಲ್ಲಿ ಅದರ ಬಂಡವಾಳ ವಾಪಸ್ ತರ್ಬೇಕು, ಮೂರನೇ ನಾಲ್ಕನೇ ಸೀಸನ್ನು ಲಾಭ, ಐದನೇದಕ್ಕೆ ಅದನ್ನ ಬಿಚ್ಚಿ ಜರಿ ಪಟ್ಟಿ ಮಾತ್ರ ಉಳಿಸ್ಕೊಂಡು ಸೈನಿಕರ ಡ್ರೆಸ್ಸಿಗೆ ಹಾಕು. ನಾನು ಈಗ್ಲೂ ಇದನ್ನೇ ಪಾಲಿಸ್ತೀನಿ.

ಕೊರತೆ ಏನು ಅಂದ್ರೆ, ಅಲ್ಲಿ ಕಣ್ಣು ಬೆಳೆಯಲ್ಲ. ಕೃಷ್ಣ ಅಂದ್ರೆ ನೀಲಿ, ದುರ್ಯೋಧನ ಅಂದ್ರೆ ಕೆಂಪು ಇಲ್ಲಾ ಮರೂನು, ಮುಗೀತು. ಯಾಕೆ ಅಂತ ಯಾರೂ ಕೇಳಲ್ಲ, ಕೇಳಿದ್ರೆ "ಜನ ಅದನ್ನೇ ಕೇಳ್ತಾರಮ್ಮ" ಅಂತಾರೆ, ಅದೂ ಸುಳ್ಳಲ್ಲ. ಇನ್ನೊಂದು, ಶಿವರಾತ್ರಿಯಿಂದ ಮೇ ತಿಂಗಳವರೆಗೆ ಕಣ್ಣು ಮುಚ್ಚೋಕೆ ಟೈಮಿರಲ್ಲ, ಮಳೆ ಶುರು ಆದ್ರೆ ಅಂಗಡಿ ಖಾಲಿ. ಸಂಬ್ಳ ದಿನದ ಲೆಕ್ಕ, ಬರವಣಿಗೇಲಿ ಏನೂ ಇರಲ್ಲ, ಮುಂದೆ ಅಂಗಡಿ ಮಾಲೀಕರ ಮಕ್ಕಳಿಗೆ ಹೋಗತ್ತೆ ಹೊರತು ನಿಮಗಲ್ಲ. ಹೆಣ್ಮಕ್ಕಳಿಗೆ ರಾತ್ರಿ ಊರೂರು ತಿರುಗೋದು ಇನ್ನೂ ಕಷ್ಟಾನೇ. ನಮ್ಮ ಮಾವ ಜೊತೇಲಿದ್ರು ಅನ್ನೋದಕ್ಕೆ ನನಗಾಯ್ತು.

ಉತ್ತರ ಕರ್ನಾಟಕದಲ್ಲಿ ಇದರ ಇನ್ನೊಂದು ರೂಪ ಇದೆ, ವೃತ್ತಿ ಕಂಪನಿ, ಅಂದ್ರೆ ನಾಟಕ ಆಡೋದನ್ನೇ ಕಸುಬು ಮಾಡ್ಕೊಂಡಿರೋ ತಂಡ. ಬಾದಾಮಿ ಹತ್ರ ಬನಶಂಕರಿ ಜಾತ್ರೆಗೆ ಹೋಗಿದ್ರೆ ಗೊತ್ತಿರತ್ತೆ, ಸಾಲಾಗಿ ಕಂಪನಿಗಳ ಟೆಂಟು ಬಿದ್ದಿರತ್ತೆ. ಗುಬ್ಬಿ ಕಂಪನಿ 1884ರಲ್ಲಿ ಶುರುವಾಗಿದ್ದು, ಅವ್ರು ಸ್ಟೇಜಿಗೆ ನಿಜವಾದ ಆನೆ ಕುದುರೆ ತಂದೋರು, ಆ ಕಾಲದ ವೈಭವ ಈಗಿಲ್ಲ. ಈಗಿನ ಕಂಪನಿ ನಾಟಕಗಳಲ್ಲಿ ಹೆಚ್ಚಿನವು ಸಾಮಾಜಿಕ ಹಾಸ್ಯ ನಾಟಕ, ಬಟ್ಟೆನೂ ಬಹುಪಾಲು ಪೇಟೇಲಿ ಸಿಗೋದೇ. ಡ್ರೆಸ್ ಕಲಿಯೋಕೆ ಅಂತ ಅಲ್ಲಿಗೆ ಹೋಗಿ ಅಂತ ನಾನು ಹೇಳಲ್ಲ.

ಯಕ್ಷಗಾನದ ಚೌಕಿ

ಚೌಕಿ ಅಂದ್ರೆ ಯಕ್ಷಗಾನದೋರು ವೇಷ ಕಟ್ಕೊಳ್ಳೋ ಜಾಗ. ಕೈಕೆಲಸದ ದೃಷ್ಟಿಯಿಂದ ನೋಡಿದ್ರೆ ನಮ್ ರಾಜ್ಯದಲ್ಲಿ ಇದಕ್ಕಿಂತ ಆಳವಾದ ವಿದ್ಯೆ ಇಲ್ಲ, ಇದನ್ನ ನಾನು ಮನಸ್ಸಿಟ್ಟು ಹೇಳ್ತಿದೀನಿ. ಡ್ರೆಸ್ ಅಂಗಡೀಲಿ ಆರು ವರ್ಷ ಇದ್ದು ಎಲ್ಲಾ ಗೊತ್ತು ಅನ್ಕೊಂಡಿದ್ದ ನಾನು, ಅಲ್ಲಿ ಮೊದಲನೇ ದಿನ ಬರೀ ಬೇಗಡೆ (ಹೊಳೆಯೋ ತೆಳು ಹಾಳೆ) ಕತ್ತರಿಸ್ತಾ ಕೂತೆ, ಅದೂ ನೆಟ್ಟಗೆ ಬರ್ಲಿಲ್ಲ. ಹಗುರವಾದ ಮರ ಕೆತ್ತಿ, ಅದರ ಮೇಲೆ ಬೇಗಡೆ ಅಂಟ್ಸಿ, ಕನ್ನಡಿ ಚೂರು ಕೂರ್ಸಿ ಭುಜಕೀರ್ತಿ, ಎದೆಕಟ್ಟು, ಡಾಬು, ಕರ್ಣಪತ್ರ ಅನ್ನೋ ಆಭರಣಗಳನ್ನ ಮಾಡ್ತಾರೆ. ಲೋಹದಲ್ಲಿ ಮಾಡಿದ್ರೆ ಇಡೀ ರಾತ್ರಿ ಕುಣಿಯೋಕಾಗಲ್ಲ, ಅದಕ್ಕೇ ಮರ. ಹಿಂದೆ ದೀವಟಿಗೆ ಬೆಳಕಲ್ಲಿ ಆಟ ಆಗ್ತಿದ್ದಾಗ ಬೆಂಕಿ ಅಲುಗಿದ ಹಾಗೆಲ್ಲಾ ಆ ಕನ್ನಡಿ ಚೂರು ಮಿನುಗ್ತಿತ್ತು, ಡಿಸೈನು ಹುಟ್ಟಿದ್ದೇ ಆ ಬೆಳಕಿಗೆ. ಈಗ ಎಲ್‌ಇಡಿ ಫ್ಲಡ್‌ಲೈಟ್ ಎದುರಿಂದ ಹೊಡಿಯತ್ತೆ, ಕಣ್ಣು ಕುಕ್ಕತ್ತೆ, ಮಿನುಗಲ್ಲ. ವೇಷ ಮಾಡೋರಿಗೆ ಇದು ದೊಡ್ಡ ಸವಾಲು, ಯಾರಾದ್ರೂ ಹೊಸಬ್ರು ಇದರ ಮೇಲೆ ಕೆಲ್ಸ ಮಾಡ್ಲಿ ಅಂತ ನನಗೆ ತುಂಬಾ ಆಸೆ.

ಆಮೇಲೆ ಕಟ್ಟೋ ವಿದ್ಯೆ. ಬಡಗುತಿಟ್ಟಲ್ಲಿ (ಯಕ್ಷಗಾನದ ಉತ್ತರದ ಕಡೆಯ ಶೈಲಿ) ಅಭಿಮನ್ಯು ಥರದ ಎಳೆ ವಯಸ್ಸಿನ ವೀರರಿಗೆ ಕೇದಗೆ ಮುಂದಲೆ ಅನ್ನೋ ತಲೆಕಟ್ಟು, ಕರ್ಣ ಅರ್ಜುನರಂಥೋರಿಗೆ ಮುಂಡಾಸು, ಅದನ್ನ ಟೋಪಿ ಥರ ತೆಗ್ದು ಹಾಕೋ ಹಾಗಿಲ್ಲ, ತಲೆ ಮೇಲೇ ಕಟ್ಟಿ ಎಬ್ಬಿಸ್ಬೇಕು. ಚೌಕುಳಿ ಕಸೆ ಸೀರೆ ಉಡ್ಸೋದು ಬೇರೆ. ತೆಂಕುತಿಟ್ಟಿಗೆ, ಅಂದ್ರೆ ದಕ್ಷಿಣದ ಶೈಲಿಗೆ ಹೋದ್ರೆ ಕಿರೀಟದ ಆಕಾರದಿಂದ ಹಿಡ್ದು ಸೊಂಟದ ಕೆಳಗಿನ ಉಡುಗೆವರೆಗೂ ಎಲ್ಲಾ ಬೇರೆ ಲೆಕ್ಕ. ಹಾಗಾಗಿ ಒಂದು ತಿಟ್ಟನ್ನ ಹಿಡೀರಿ, ಎರಡನ್ನೂ ಒಟ್ಟಿಗೆ ಕಲೀತೀನಿ ಅಂತ ಹೋಗ್ಬೇಡಿ.

ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೇಲಿ ಪತ್ತನಾಜೆ ಅನ್ನೋ ತುಳುನಾಡಿನ ದಿನದ ಹೊತ್ತಿಗೆ ಮುಗಿಯತ್ತೆ. ಕಟೀಲು, ಮಂದಾರ್ತಿ, ಮಾರಣಕಟ್ಟೆ ಥರದ ಕ್ಷೇತ್ರಗಳಿಗೆ ಒಂದಕ್ಕಿಂತ ಜಾಸ್ತಿ ಮೇಳ ಇದೆ, ಹರಕೆ ಆಟ ವರ್ಷಗಟ್ಟಲೆ ಮುಂಚೆನೇ ಬುಕ್ ಆಗಿರತ್ತೆ, ಅಂದ್ರೆ ಇಲ್ಲಿ ಪ್ರೇಕ್ಷಕರು ಬರ್ತಾರೋ ಇಲ್ವೋ ಅನ್ನೋ ಭಯ ಕಡಿಮೆ. ಮಳೆಗಾಲದಲ್ಲಿ ಹಳೇದು ರಿಪೇರಿ, ಹೊಸದು ತಯಾರಿ. ಡ್ರೆಸ್ ಅಂಗಡಿ ಮಳೇಲಿ ಖಾಲಿ ಕೂತಿರೋವಾಗ ವೇಷಭೂಷಣ ಮಾಡೋರ ಮನೇಲಿ ಕೈತುಂಬ ಕೆಲ್ಸ. ನಾನು ಅಲ್ಲಿಗೆ ಹೋಗಿದ್ದೂ ಅದಕ್ಕೇ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ಮೇಳದ ಚೌಕೀಲಿ ಕೆಲ್ಸ ಮಾಡೋದಕ್ಕಿಂತ ಬಾಡಿಗೆ ಸೆಟ್ಟು ಇಟ್ಕೊಂಡಿರೋರು ಚೆನ್ನಾಗಿದಾರೆ. ಹವ್ಯಾಸಿ ತಂಡಗಳು, ಮಹಿಳಾ ತಂಡಗಳು, ಕಾಲೇಜು, ಉಡುಪಿ ಕಡೆ ಹೈಸ್ಕೂಲು ಮಕ್ಕಳಿಗೂ ಯಕ್ಷಗಾನ ಕಲಿಸ್ತಾರೆ, ಬೆಂಗಳೂರಲ್ಲೂ ತಂಡಗಳಿವೆ, ಇವ್ರೆಲ್ಲರಿಗೂ ವೇಷ ಬೇಕು. ಮಕ್ಕಳ ಅಳತೆಗೆ ಹಗುರವಾಗಿ ಮಾಡಿದ ಸೆಟ್ಟಿಗೆ ಒಳ್ಳೇ ಬೇಡಿಕೆ ಇದೆ, ದೊಡ್ಡೋರ ಕಿರೀಟ ಹನ್ನೆರಡು ವರ್ಷದ ಹುಡುಗಿ ತಲೆಗೆ ಕಟ್ಟಿದ್ರೆ ಅವಳು ಕುಣಿಯೋದು ಬಿಟ್ಟು ಕತ್ತು ಹಿಡ್ಕೊಂಡು ನಿಂತಿರ್ತಾಳೆ, ಕಣ್ಣಾರೆ ನೋಡಿದೀನಿ.

ಆದ್ರೆ ಕರಾವಳಿ, ಮಲೆನಾಡಿನೋರಲ್ಲದೆ ಇದ್ರೆ ಇದನ್ನೇ ಪೂರ್ತಿ ಜೀವನ ಮಾಡ್ಕೊಳ್ಳೋದು ಕಷ್ಟ. ಚಿಕ್ಕಂದಿನಿಂದ ಆಟ ನೋಡಿ ನೋಡಿ ಬಂದಿರೋ ಕಣ್ಣಿಗೆ, ಹೊರಗಿಂದ ಬಂದೋರು ಹತ್ತು ವರ್ಷ ದುಡಿದ್ರೂ ಸಾಟಿ ಆಗಲ್ಲ. ಮತ್ತೆ ವೃತ್ತಿ ಮೇಳಗಳ ಚೌಕಿ ಬಹುಮಟ್ಟಿಗೆ ಗಂಡಸ್ರ ಜಾಗ. ಹೆಣ್ಮಕ್ಕಳಿಗೆ ತಯಾರಿ ಮತ್ತು ಬಾಡಿಗೆ ಕಡೆ ದಾರಿ ಸಲೀಸು.

ರಂಗಶಾಲೆ

ಹೆಗ್ಗೋಡಿನ ನೀನಾಸಂ, ಮೈಸೂರು ರಂಗಾಯಣದ ಭಾರತೀಯ ರಂಗ ಶಿಕ್ಷಣ ಕೇಂದ್ರ, ಸಾಣೇಹಳ್ಳಿಯ ರಂಗಪ್ರಯೋಗ ಶಾಲೆ, ಇವು ಒಂದು ವರ್ಷದ ಡಿಪ್ಲೊಮಾ ಕೊಡೋ ಜಾಗಗಳು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಅಂದ್ರೆ ಎನ್‌ಎಸ್‌ಡಿ ಮೂರು ವರ್ಷದ್ದು, ಡಿಗ್ರಿ ಆಗಿರ್ಬೇಕು, ನಾಟಕದ ಅನುಭವನೂ ಬೇಕು, ಅಲ್ಲಿ ಮುಂದಿನ ವರ್ಷಗಳಲ್ಲಿ ಡಿಸೈನ್ ಕಡೆ ವಿಶೇಷವಾಗಿ ಓದ್ಬಹುದು. ಪ್ರೇಮಾ ಕಾರಂತರು ಎನ್‌ಎಸ್‌ಡಿ ಇಂದಾನೇ ಬಂದೋರು, ನಿರ್ದೇಶಕಿ ಅಂತ ಹೆಸರು ಮಾಡಿದ್ರು, ಜೊತೆಗೆ ವಸ್ತ್ರವಿನ್ಯಾಸವನ್ನ ಒಂದು ಗಂಭೀರ ಕೆಲ್ಸ ಅಂತ ನಮ್ಮಲ್ಲಿ ನಿಲ್ಸಿದೋರು.

ಇಲ್ಲಿ ಸೇರೋರು ಒಂದು ತಪ್ಪು ತಿಳ್ಕೊಂಡು ಬರ್ತಾರೆ, ಒಂದು ವರ್ಷದಲ್ಲಿ ಕಾಸ್ಟ್ಯೂಮ್ ಕಲಿಸಿ ಕಳಿಸ್ತಾರೆ ಅಂತ. ಹಾಗಲ್ಲ. ಆ ಒಂದು ವರ್ಷದಲ್ಲಿ ನಟನೆ, ಧ್ವನಿ, ರಂಗಸಜ್ಜಿಕೆ, ಬೆಳಕು, ಪ್ರಸಾಧನ, ನಾಟಕದ ಇತಿಹಾಸ ಎಲ್ಲಾ ಇರತ್ತೆ, ವಸ್ತ್ರವಿನ್ಯಾಸ ಅದರಲ್ಲಿ ಒಂದು ಭಾಗ. ಹೊಲಿಗೆ ಬರದೆ ಹೋದ್ರೆ ಹೊಲಿಗೆ ಬರದೇನೇ ವಾಪಸ್ ಬರ್ತೀರ. ನನ್ ಜೊತೆ ಓದಿದ ಇಬ್ರು ತುಂಬಾ ಚೆನ್ನಾಗಿ ಸ್ಕೆಚ್ ಮಾಡ್ತಿದ್ರು, ಆದ್ರೆ ಟೈಲರ್ ಕೈಗೆ ಕೊಟ್ರೆ ಅವ್ನು "ಇದಾಗಲ್ಲ ಮೇಡಂ" ಅಂದ ತಕ್ಷಣ ಸುಮ್ಮನಾಗ್ತಿದ್ರು, ಆಗತ್ತೋ ಇಲ್ವೋ ಅಂತ ಅವ್ರಿಗೇ ಗೊತ್ತಿರ್ಲಿಲ್ಲ. ನಾನು ಆ ಟೈಲರ್ ಮುಂದೆ ಕೂತು ಕತ್ತರಿ ಇಸ್ಕೊಂಡು ಕಟ್ ಮಾಡಿ ತೋರ್ಸ್ತಿದ್ದೆ. ಮೊದಲು ಕೈ ಕಲೀರಿ ಅಂದಿದ್ದು ಇದಕ್ಕೆ.

ಆದ್ರೆ ನನಗೆ ರಂಗಶಾಲೆ ಕೊಟ್ಟಿದ್ದು ಬೇರೆ ಎಲ್ಲೂ ಸಿಗ್ತಿರ್ಲಿಲ್ಲ. ಮೊದಲನೇ ಪ್ರೊಡಕ್ಷನ್ನಿಗೆ ನಾನು ಮಂತ್ರಿ ಪಾತ್ರಕ್ಕೆ ಹಸಿರು ಕೋಟು ಮಾಡಿದ್ದೆ, ಚಿಕ್ಕಪೇಟೆಗೆ ಹೋಗಿ ಆರಿಸಿ ತಂದ ಬಟ್ಟೆ, ಕೈಯಲ್ಲಿ ಹಿಡಿದ್ರೆ ಅಷ್ಟು ಚಂದ. ಲೈಟ್ ರಿಹರ್ಸಲ್ ದಿನ ಮೇಷ್ಟ್ರು "ಹೋಗಿ ಕೊನೇ ಸಾಲಲ್ಲಿ ಕೂತ್ಕೋ" ಅಂದ್ರು. ಸ್ಟೇಜಲ್ಲಿ ಆಂಬರ್ (ಕಿತ್ತಳೆ ಹಳದಿ) ಲೈಟು ಹಾಕಿದ್ರು, ನನ್ ಹಸಿರು ಕೆಸರಿನ ಬಣ್ಣಕ್ಕೆ ತಿರುಗ್ತು, ಆಮೇಲೆ ಕೆಂಪು ಬಂದಾಗ ಕಪ್ಪಗಾಯ್ತು, ನಾನು ಮೂರು ರಾತ್ರಿ ಕೂತು ಮಾಡಿದ ಸಣ್ಣ ಕಸೂತಿ ಇದೆಯೋ ಇಲ್ವೋ ಅನ್ನೋದೂ ಗೊತ್ತಾಗ್ಲಿಲ್ಲ. ಅವತ್ತು ಅಳು ಬಂತು, ನಿಜ ಹೇಳ್ತೀನಿ. ಆದ್ರೆ ಅವತ್ತಿಂದ ಬಟ್ಟೆ ತಗೊಳ್ಳೋ ಮುಂಚೆ ಲೈಟಿಂಗ್ ಮಾಡೋರನ್ನ ಕೇಳದೆ ನಾನು ಒಂದು ಮೀಟರ್ರೂ ತಗೊಂಡಿಲ್ಲ.

ಇನ್ನೂ ಇದೆ. ಹೊಸ ಖಾದೀನ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳೇದು ಮಾಡೋದು, ಮೊಣಕೈ ಹತ್ರ ಸ್ಯಾಂಡ್ ಪೇಪರ್ ಉಜ್ಜಿ ಬಡವನ ಅಂಗಿ ಮಾಡೋದು, ವೆಲ್ಕ್ರೋ ಕಿತ್ತಾಗ ಬರೋ ಪರ್ ಅನ್ನೋ ಸದ್ದು ಮೌನದ ದೃಶ್ಯದಲ್ಲಿ ಎಷ್ಟು ದೊಡ್ಡದಾಗಿ ಕೇಳತ್ತೆ ಅನ್ನೋದು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಒಂಬತ್ತು ಗಜದ ಸೀರೆ (8 ಮೀಟರಿಗೂ ಸ್ವಲ್ಪ ಜಾಸ್ತಿ ಬಟ್ಟೆ) ಯಾವ ಸೀಮೆಯ ಯಾವ ಹೆಂಗಸು ಹೇಗೆ ಉಡ್ತಾಳೆ ಅಂತ ನೋಡೋದು. ನೀನಾಸಂ ತಿರುಗಾಟ 1985ರಿಂದ ನಡೀತಿದೆ, ಅದೇ ಕೆಲವೇ ನಟರು ತಿಂಗಳುಗಟ್ಟಲೆ ಊರಿಂದ ಊರಿಗೆ ಹೋಗಿ ಬೇರೆ ಬೇರೆ ನಾಟಕ ಆಡ್ತಾರೆ, ಅಂಥ ಕಡೆ ಬಟ್ಟೆ ರಾತ್ರಿ ಒಗ್ದು ಬೆಳಗ್ಗೆ ಮಡ್ಚೋ ಹಾಗಿರ್ಬೇಕು, ಒಂದು ಪೆಟ್ಟಿಗೇಲಿ ಹಿಡೀಬೇಕು, ವಿಂಗ್ ಹಿಂದೆ ಅರ್ಧ ನಿಮಿಷದಲ್ಲಿ ಬದಲಾಯಿಸೋಕಾಗ್ಬೇಕು. ಇದನ್ನ ಯೋಚ್ನೆ ಮಾಡದೆ ಮಾಡಿದ ಡಿಸೈನು ಎಷ್ಟೇ ಚಂದ ಇದ್ರೂ ಮೂರನೇ ಊರಿಗೆ ಕೈ ಕೊಡತ್ತೆ.

ರಂಗಶಾಲೆ ಆದ್ಮೇಲೆ ಏನು? ಮೈಸೂರು ಬಿಟ್ಟು ಧಾರವಾಡ, ಶಿವಮೊಗ್ಗ, ಕಲಬುರಗೀಲೂ ರಂಗಾಯಣ ಇದೆ, ರೆಪರ್ಟರಿಗಳಿವೆ (ಖಾಯಂ ನಾಟಕ ತಂಡಗಳು), ಪ್ರೊಡಕ್ಷನ್ ಲೆಕ್ಕದಲ್ಲಿ ವಸ್ತ್ರವಿನ್ಯಾಸಕ್ಕೆ ಕರೀತಾರೆ. ಬೆಂಗಳೂರಲ್ಲಿ 2004ರಲ್ಲಿ ರಂಗಶಂಕರ ಅನ್ನೋ ರಂಗಮಂದಿರ ಬಂದ್ಮೇಲೆ ಸೋಮವಾರ ಬಿಟ್ಟು ದಿನಾ ನಾಟಕ ಅನ್ನೋ ಹಾಗಾಯ್ತು, ರವೀಂದ್ರ ಕಲಾಕ್ಷೇತ್ರ ಇದ್ದೇ ಇದೆ. ನಾಟಕಗಳೇನೋ ತುಂಬಾ ಆಗತ್ತೆ, ಹವ್ಯಾಸಿ ತಂಡಗಳ ಬಜೆಟ್ಟಲ್ಲಿ ಹಾಲ್ ಬಾಡಿಗೆ, ಲೈಟು, ಊಟ ಕಳ್ದು ಕೊನೇಲಿ ಉಳಿದಿದ್ದು ಕಾಸ್ಟ್ಯೂಮಿಗೆ. ಒಂದು ತಂಡ ನನಗೆ ಎಂಟು ತಿಂಗಳು ಬಾಕಿ ಉಳ್ಸ್ಕೊಂಡಿತ್ತು, ಬಟ್ಟೆ ಅಂಗಡಿ ಸಾಲ ನಾನೇ ಕೈಯಿಂದ ತೀರ್ಸ್ದೆ. ಅವ್ರು ಕೆಟ್ಟೋರಲ್ಲ, ಅವರ ಹತ್ರನೂ ಇರ್ಲಿಲ್ಲ, ಆದ್ರೆ ನನ್ ಮಗಳ ಸ್ಕೂಲ್ ಫೀಸು ಕಟ್ಟೋ ತಿಂಗಳು ಅದು. ಬರೀ ನಾಟಕದ ಡಿಸೈನ್ ಫೀಸಲ್ಲೇ ಮನೆ ನಡಿಸ್ತೀನಿ ಅಂತ ಯಾರೂ ಲೆಕ್ಕ ಹಾಕ್ಬೇಡಿ.

ಫ್ಯಾಷನ್ ಡಿಗ್ರಿ, ಐಟಿಐ

ಇದನ್ನ ಬೇಗ ಮುಗಿಸ್ತೀನಿ. ಎಚ್‌ಎಸ್‌ಆರ್ ಲೇಔಟಿನ ನಿಫ್ಟ್ (ಕೇಂದ್ರ ಸರ್ಕಾರದ ಫ್ಯಾಷನ್ ಕಾಲೇಜು) ಥರದ ಕಡೆ ಬಿ.ಡೆಸ್ ನಾಲ್ಕು ವರ್ಷ, ಎಂಟ್ರೆನ್ಸ್ ಬರೀಬೇಕು, ಫೀಸು ಲಕ್ಷಗಳಲ್ಲಿ. ಪ್ಯಾಟರ್ನ್ ಮಾಡೋದು, ನೂಲಿನ ಗುಣ, ಬಣ್ಣ ಇವನ್ನೆಲ್ಲಾ ಅಲ್ಲಿ ಕಲಿಸೋ ಮಟ್ಟದಲ್ಲಿ ಬೇರೆ ಕಡೆ ಕಲಿಸಲ್ಲ, ಒಪ್ತೀನಿ. ಆದ್ರೆ ಅದು ನಿಮ್ಮನ್ನ ಬ್ರ್ಯಾಂಡು, ಗಾರ್ಮೆಂಟ್ಸು, ಬೊಟಿಕ್ ಕಡೆ ಕರ್ಕೊಂಡು ಹೋಗೋಕೆ ಮಾಡಿರೋದು. ಸಾಲ ಮಾಡಿ ಓದಿ ನಾಟಕಕ್ಕೆ ಬಂದ್ರೆ ಇಎಂಐ ನಾಟಕ ಮಾಡೋಕೆ ಬಿಡಲ್ಲ. ಸಾಲ ಇಲ್ದೆ ಓದೋ ಶಕ್ತಿ ಇದ್ರೆ ಖಂಡಿತ ಹೋಗಿ.

ಐಟಿಐನಲ್ಲಿ ಸೂಯಿಂಗ್ ಟೆಕ್ನಾಲಜಿ ಅಂತ ಒಂದು ವರ್ಷದ ಟ್ರೇಡ್ ಇದೆ, ಫ್ಯಾಷನ್ ಡಿಸೈನ್ ಅಂಡ್ ಟೆಕ್ನಾಲಜಿ ಅಂತ ಇನ್ನೊಂದು. ಸರ್ಕಾರಿ ಐಟಿಐನಲ್ಲಿ ಖರ್ಚು ತೀರಾ ಕಡಿಮೆ, ಅಳತೆ ತಗೊಳ್ಳೋದ್ರಿಂದ ಕಾಜಾವರೆಗೂ ನೆಟ್ಟಗೆ ಕಲಿಸ್ತಾರೆ. ಜನ ಇದನ್ನ ಕೀಳಾಗಿ ನೋಡ್ತಾರೆ, ನನಗೆ ಅದು ಅರ್ಥ ಆಗಲ್ಲ. ನನ್ ಹತ್ರ ಈಗ ಕೆಲ್ಸ ಮಾಡ್ತಿರೋ ಹುಡುಗಿ ಐಟಿಐ ಮಾಡಿದೋಳು, ವೆಲ್ವೆಟ್ ಕಟ್ ಮಾಡೋವಾಗ ನ್ಯಾಪ್, ಅಂದ್ರೆ ಬಟ್ಟೆ ಮೇಲಿನ ರೋಮ, ಎಲ್ಲಾ ತುಂಡಲ್ಲೂ ಒಂದೇ ದಿಕ್ಕಿಗೆ ಇರ್ಬೇಕು ಅಂತ ನಾನು ಹೇಳ್ಕೊಡೋ ಮುಂಚೆನೇ ಅವಳಿಗೆ ಗೊತ್ತಿತ್ತು. ಸ್ವಂತ ಮಶೀನು ತಗೊಳ್ಳೋ ಯೋಚ್ನೆ ಇದ್ರೆ 2023ರ ಸೆಪ್ಟೆಂಬರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಸ್ಕೀಮಿನ 18 ಕಸುಬಲ್ಲಿ ಟೈಲರ್ ಕೆಲ್ಸನೂ ಇದೆ, ಟೂಲ್‌ಕಿಟ್ಟಿಗೆ 15,000 ರೂಪಾಯಿ, ಸಾಲ ಮೊದಲು 1 ಲಕ್ಷ, ಅದನ್ನ ತೀರಿಸಿದ್ರೆ 2 ಲಕ್ಷ, ಬಡ್ಡಿ 5%. ಸಿಎಸ್‌ಸಿ ಕೇಂದ್ರದಲ್ಲಿ ವಿಚಾರಿಸಿ.

ಸೀರಿಯಲ್ಲು, ಸಿನಿಮಾ

ಭಾನು ಅಥೈಯಾ ಅವ್ರಿಗೆ 1983ರಲ್ಲಿ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಬಂತು, ಭಾರತಕ್ಕೆ ಬಂದ ಮೊದಲನೇ ಆಸ್ಕರ್ರೇ ಕಾಸ್ಟ್ಯೂಮಿಗೆ, ಅದನ್ನ ನೆನಸ್ಕೊಂಡ್ರೆ ನನಗೆ ಇವತ್ತಿಗೂ ಹೆಮ್ಮೆ. ಆದ್ರೆ ಸೀರಿಯಲ್ ಸೆಟ್ಟಲ್ಲಿ ಕಾಸ್ಟ್ಯೂಮ್ ವಿಭಾಗ ಅಂದ್ರೆ ಇಸ್ತ್ರಿ, ಫಾಲ್ ಹಾಕೋದು, ಬ್ಲೌಸ್ ಬಿಗಿ ಮಾಡೋದು, ಮತ್ತೆ ಕಂಟಿನ್ಯುಟಿ ಫೋಟೋ. ಸೋಮವಾರ ಬಾಗಿಲವರೆಗೆ ಬಂದ ದೃಶ್ಯ, ಮುಂದಿನ ಬುಧವಾರ ಬಾಗ್ಲು ದಾಟಿದ ದೃಶ್ಯ, ಬಳೆ ಎಷ್ಟಿತ್ತು, ಸೆರಗು ಎಡಕ್ಕಾ ಬಲಕ್ಕಾ. ಶಿಸ್ತು ಕಲೀತೀರ, ಯೂನಿಯನ್ ಕಾರ್ಡ್ ಆದ್ರೆ ಬಟಾ (ದಿನದ ಭತ್ಯೆ) ನಿಯಮ ಎಲ್ಲಾ ಇರತ್ತೆ, ತಿಂಗಳು ತಿಂಗಳು ದುಡ್ಡು ಕಾಣತ್ತೆ. ಬಟ್ಟೆ ಬಹುಪಾಲು ರೆಡಿಮೇಡ್ ತರೋದು, ಹೊಸದಾಗಿ ಮಾಡೋದು ಪೌರಾಣಿಕ, ಐತಿಹಾಸಿಕ ಬಂದಾಗ ಮಾತ್ರ. ನಾನು ಮೂರು ವರ್ಷ ಇದ್ದೆ, ಕೈ ತುಕ್ಕು ಹಿಡೀತಿದೆ ಅನ್ನಿಸ್ತು, ಬಿಟ್ಟೆ. ಸಾಲ ತೀರಿಸ್ಬೇಕಾದ ಪರಿಸ್ಥಿತೀಲಿ ಇರೋರಿಗೆ ಇದು ಒಳ್ಳೇ ದಾರಿನೇ.

ವರ್ಷ ಪೂರ್ತಿ ಒಲೆ ಉರಿಸೋದು ಹೇಗೆ

ಇದನ್ನ ನನಗೆ ಯಾರೂ ಹೇಳಿರ್ಲಿಲ್ಲ, ಅದಕ್ಕೆ ಸ್ವಲ್ಪ ಬಿಡ್ಸಿ ಹೇಳ್ತೀನಿ. ನನ್ ಮನೆ ನಡೀತಿರೋದು ಭರತನಾಟ್ಯದ ಡ್ರೆಸ್ಸಿಂದ. ರಂಗಪ್ರವೇಶ ವರ್ಷ ಪೂರ್ತಿ ಆಗತ್ತೆ, ರೇಷ್ಮೆ ಸೀರೆ ಅವ್ರೇ ತರ್ತಾರೆ, ಮುಂದಿನ ಫ್ಯಾನ್ ನೆರಿಗೆ ಸರಿಯಾಗಿ ಕೂರ್ಸೋಕೆ ಬರೋ ಟೈಲರ್ ಕಡಿಮೆ, ಹಾಗಾಗಿ ಕೇಳಿದ ರೇಟು ಕೊಡ್ತಾರೆ, ಟೈಮಿಗೆ ಕೊಡ್ತಾರೆ. ಬೆಳೆಯೋ ಮಕ್ಕಳಿಗೆ ಒಳಗೆ ಬಟ್ಟೆ ಬಿಟ್ಟು ಹೊಲಿದ್ರೆ ಅದೇ ಡ್ರೆಸ್ಸು ಎರಡು ಮೂರು ವರ್ಷ ಅಳತೆ ಬಿಚ್ಕೊಂಡು ಹೋಗತ್ತೆ, ಆ ಮನೆಯೋರು ಆಮೇಲೆ ಬೇರೆ ಟೈಲರ್ ಹತ್ರ ಹೋಗಲ್ಲ. ನವೆಂಬರಿಂದ ಫೆಬ್ರವರಿ ಸ್ಕೂಲ್ ಡೇ, ಪ್ರತಿಭಾ ಕಾರಂಜಿಗೆ ಮುಂಚೆ ಛದ್ಮವೇಷದ ಬಾಡಿಗೆ, ಶಿವರಾತ್ರಿಯಿಂದ ಪೌರಾಣಿಕ ನಾಟಕ, ಬೇಸಿಗೇಲಿ ಮಕ್ಕಳ ರಂಗಶಿಬಿರ, ಮಳೇಲಿ ರಿಪೇರಿ ಮತ್ತು ಹೊಸ ಸೆಟ್ಟು. ಇವು ಒಂದಕ್ಕೊಂದು ಅಡ್ಡ ಬರಲ್ಲ, ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಶುರು. ಹವ್ಯಾಸಿ ನಾಟಕಕ್ಕೆ ನಾನು ಇವತ್ತು ಕಡಿಮೆ ಫೀಸಿಗೆ ಮನಸ್ಸಾರೆ ಕೆಲ್ಸ ಮಾಡೋಕಾಗ್ತಿದೆ ಅಂದ್ರೆ ಆ ನೆರಿಗೆಗಳು ಮನೆ ಬಾಡಿಗೆ ಕಟ್ತಿರೋದ್ರಿಂದ.

ರೇಟು ಹೇಳೋವಾಗ ಬಟ್ಟೆ ಬೆಲೆಗೆ ಹೊಲಿಗೆ ಕೂಲಿ ಸೇರ್ಸಿ ಬಿಟ್ಬಿಡ್ಬೇಡಿ. ಎಷ್ಟು ಸಲ ಫಿಟ್ಟಿಂಗು, ರಾಜಾ ಮಾರ್ಕೆಟ್ಟಿಗೆ ಮಣಿ ಲೇಸು ತರೋಕೆ ಹೋದ ದಿನ, ಶೋ ದಿನ ನೀವು ಅಲ್ಲಿರ್ಬೇಕಾ, ಇದೆಲ್ಲಾ ಸೇರ್ಬೇಕು. ಅರ್ಧ ಅಡ್ವಾನ್ಸ್ ಬರೋ ತನಕ ಬಟ್ಟೆ ಕತ್ತರಿಸ್ಬೇಡಿ. ಶೋ ಆದ್ಮೇಲೆ ಡ್ರೆಸ್ಸು ಯಾರದ್ದು ಅಂತ ಮೊದಲೇ ಬರೆದಿಟ್ಕೊಳ್ಳಿ. ತಂಡದೋರು ಇಟ್ಕೊಳ್ಳೋದಾದ್ರೆ ಪೂರ್ತಿ ಬೆಲೆ, ನಿಮಗೆ ವಾಪಸ್ ಬರೋದಾದ್ರೆ ಬಾಡಿಗೆ. ನಾನು ಇದನ್ನ ಬಾಯಿಮಾತಲ್ಲಿ ಬಿಟ್ಟು ಹದಿನಾಲ್ಕು ಸೈನಿಕರ ಡ್ರೆಸ್ಸು ಕಳ್ಕೊಂಡಿದೀನಿ.

ಯಾರಿಗೆ ಯಾವುದು

ಅಕ್ಕನ ಮಗಳಿಗೆ ನಾನು ಕೊನೆಗೆ ಹೇಳಿದ್ದು: ಮೊದಲು ಒಂದು ವರ್ಷ ಐಟಿಐ, ಆಮೇಲೆ ಮಾವನ ಅಂಗಡೀಲಿ ಒಂದೇ ಒಂದು ಸೀಸನ್, ಶಿವರಾತ್ರಿಯಿಂದ ಮೇವರೆಗೆ, ಅದಾದ್ಮೇಲೆ ರಂಗಶಾಲೆಗೆ ಅರ್ಜಿ ಹಾಕು. ಎರಡೂವರೆ ವರ್ಷ ಆಗತ್ತೆ, ಖರ್ಚು ಫ್ಯಾಷನ್ ಡಿಗ್ರಿಯ ಒಂದು ಸೆಮಿಸ್ಟರಿಗಿಂತ ಕಡಿಮೇಲಿ ಮುಗಿಯತ್ತೆ ಅಂತ ನನ್ ಅಂದಾಜು, ಹೊರಗೆ ಬರೋವಾಗ ಕೈ, ಕಣ್ಣು, ಲೆಕ್ಕ ಮೂರೂ ಸ್ವಲ್ಪ ಸ್ವಲ್ಪ ಇರತ್ತೆ. ಅವಳು ಹೊಲಿಗೆ ಮುಟ್ಟಿದೋಳಲ್ಲ, ಅದಕ್ಕೆ ಈ ವರಸೆ.

ಈಗಾಗ್ಲೇ ಟೈಲರಿಂಗ್ ಚೆನ್ನಾಗಿ ಬರೋರು ಅಂಗಡಿ ಬಿಟ್ಟು ನೇರ ರಂಗಶಾಲೆಗೆ ಹೋಗಿ, ನಿಮಗೆ ಕೊರತೆ ಇರೋದು ಕಣ್ಣಿಂದು. ತಂಡದಲ್ಲಿ ನಾಲ್ಕೈದು ವರ್ಷ ಬ್ಯಾಕ್‌ಸ್ಟೇಜ್ ಮಾಡಿ ನಾಟಕ ಗೊತ್ತಿರೋರು ಇನ್ನೊಂದು ಡಿಪ್ಲೊಮಾ ಮಾಡೋ ಬದ್ಲು ಆರು ತಿಂಗಳು ಒಬ್ಬ ಒಳ್ಳೇ ಟೈಲರ್ ಹತ್ರ ನೆಲದ ಮೇಲೆ ಕೂತು ಕಾಜಾ ಹೆಮ್ಮಿಂಗಿಂದ ಕಲೀರಿ, ನಾಚ್ಕೋಬೇಡಿ. ಕುಂದಾಪುರ, ಉಡುಪಿ, ಹೊನ್ನಾವರದ ಕಡೆಯೋರಾಗಿದ್ದು ಬೆಂಗಳೂರಿಗೆ ಬರೋಕೆ ನೋಡ್ತಿದ್ರೆ, ದಯವಿಟ್ಟು ಮೊದಲು ನಿಮ್ಮೂರಲ್ಲಿ ಬೇಗಡೆ ಕೆಲ್ಸ ಗೊತ್ತಿರೋ ಹಿರಿಯರು ಯಾರಿದಾರೆ ನೋಡಿ, ಅವ್ರ ಹತ್ರ ಕೂರೋಕೆ ಬೆಂಗಳೂರಿಂದ ನಾವು ಬರ್ತೀವಿ. ಮನೇಲಿ ಕಷ್ಟ ಇದೆ, ಈ ತಿಂಗಳಿಂದಾನೇ ದುಡೀಬೇಕು ಅನ್ನೋರು ಡ್ಯಾನ್ಸ್ ಡ್ರೆಸ್ ಹೊಲಿಯೋರ ಹತ್ರ ಸೇರಿ, ನಾಟಕ ಎಲ್ಲೂ ಓಡಿ ಹೋಗಲ್ಲ.

ಯಾವಾಗ ಹೋಗಿ ಕೇಳ್ಬೇಕು ಅನ್ನೋದೂ ಮುಖ್ಯ. ರಂಗಶಾಲೆಗಳ ಅರ್ಜಿ ಪ್ರಕಟಣೆ ಬೇಸಿಗೇಲಿ ಪೇಪರಲ್ಲಿ ಬರತ್ತೆ, ಏಪ್ರಿಲಿಂದಾನೇ ಕಣ್ಣಿಟ್ಟಿರಿ, ಸಂದರ್ಶನಕ್ಕೆ ಹೋಗೋವಾಗ ನೀವೇ ಹೊಲ್ದಿರೋ ಒಂದು ಬಟ್ಟೆ ತಗೊಂಡು ಹೋಗಿ. ವೇಷಭೂಷಣ ಮಾಡೋರ ಮನೆಗೆ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಆಗ ಅವ್ರಿಗೆ ಕೈತುಂಬ ಕೆಲ್ಸ ಇರತ್ತೆ, ಜೊತೇಲಿ ಕೂತು ಕಲಿಯೋಕೆ ಅದೇ ಸರಿಯಾದ ಹೊತ್ತು. ಡ್ರಾಮಾ ಡ್ರೆಸ್ ಅಂಗಡಿಗೆ ಸಂಕ್ರಾಂತಿ ಆದ್ಮೇಲೆ, ಪೆಟ್ಟಿಗೆಗಳನ್ನೆಲ್ಲಾ ಇಳ್ಸಿ ಬಿಸಿಲಿಗೆ ಹಾಕ್ತಿರ್ತಾರೆ, ಕೈ ಬೇಕಾಗಿರತ್ತೆ. ಶಿವರಾತ್ರಿ ಹಿಂದಿನ ವಾರ ಮಾತ್ರ ಹೋಗ್ಬೇಡಿ, ಅವತ್ತು ಅಲ್ಲಿ ಯಾರೂ ಸೂಜಿಯಿಂದ ತಲೆ ಎತ್ತಲ್ಲ.